ಅಸ್ತು ದೇವತೆಗಳ ಎದುರಿನಲ್ಲಿ ‘ಇಫ್’ ಪಾಠ

ನಾನು ಇಂಗ್ಲಿಷ್ ಕಲಿಸಲು ಇಟ್ಟುಕೊಂಡಿದ್ದ ಪುಸ್ತಕದ ‘ಇಫ್’ ಪಾಠದಲ್ಲಿ ಒಂದಾದರೂ ಒಳ್ಳೆಯ ಸಂಗತಿ ನಡೆಯುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತೀಯ, ಮಗು ಮೆಟ್ಟಿಲಿನಿಂದ ಉರುಳಿದರೆ ಯಾರನ್ನು ಕರೆಯುತ್ತೀಯ, ಕಾರಿನ ಬ್ರೇಕ್ ಹಿಡಿಯದಿದ್ದರೆ, ಗಂಡನಿಗೆ ಎದೆನೋವು ಬಂದರೆ. ಪ್ರತಿ ಸಾಲಿನ ಪಕ್ಕದಲ್ಲಿ ಚಿತ್ರ ಬೇರೆ. ಬರೆದವರಿಗೆ ಯಾರ ಮೇಲೆ ಅಷ್ಟು ಕೋಪವಿತ್ತೋ ಕಾಣೆ. ಓದಿದ ಸಂಜೆಯೇ ದೇವರ ಮುಂದೆ ದೀಪ ಹಚ್ಚಿ, ಇವುಗಳಲ್ಲಿ ಒಂದನ್ನೂ ನನ್ನ ಬಾಯಿಂದ ಆಡಿಸಬೇಡಪ್ಪ ಎಂದು ಕೇಳಿಕೊಂಡೆ. ಆಮೇಲೆ ಕೂತು ನನ್ನವೇ ವಾಕ್ಯಗಳನ್ನು ಕಟ್ಟಿದೆ. ಮಳೆ ಬಂದರೆ ಮನೆಯಲ್ಲಿರುತ್ತೇನೆ. ನೆಂಟರು ಬಂದರೆ ಪಾಯಸ ಮಾಡುತ್ತೇನೆ. ಬಿಸಿಲು ಬಂದರೆ ಬಟ್ಟೆ ಒಣಗುತ್ತದೆ.

ನಮ್ಮ ಕಡೆ ಕೆಟ್ಟ ಮಾತೊಂದು ಬಾಯಿಗೆ ಬಂದರೆ ಹಿರಿಯರು ಕೂಡಲೇ ‘ಬಿಡ್ತು ಅನ್ನು’ ಎನ್ನುತ್ತಾರೆ. ಮನೆಯ ಸೂರಿನ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ. ನಾವು ಏನು ಆಡಿದರೂ ‘ಅಸ್ತು’, ಹಾಗೇ ಆಗಲಿ, ಎಂದುಬಿಡುತ್ತಾರಂತೆ. ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ನಮ್ಮ ಸೂರಿನ ಮೇಲೆ ಅಳಿಲುಗಳಲ್ಲದೆ ಬೇರೆ ಯಾರೂ ಓಡಾಡಿದ್ದು ಕಾಣೆ. ಆದರೂ ನಂಬಿದವಳು ನಂಬಿದವಳೇ. ಅದರಲ್ಲೂ ನನ್ನ ತರಗತಿಯಲ್ಲಿ ಒಬ್ಬಳು ಬಸುರಿ ಇದ್ದಳು.

ತರಗತಿ ಎಂದರೆ ದೊಡ್ಡದೇನಲ್ಲ. ಚರ್ಚಿನ ನೆಲಮಾಳಿಗೆಯ ಒಂದು ಕೋಣೆ, ಉದ್ದನೆಯ ಮೇಜು, ಅದರ ಸುತ್ತ ನಾಲ್ವರು ಜಪಾನಿ ಹೆಂಗಸರು. ಅವರ ಗಂಡಂದಿರು ಹತ್ತಿರದ ಕಾರ್ಖಾನೆಯೊಂದಕ್ಕೆ ಜಪಾನಿನಿಂದ ಬಂದ ಇಂಜಿನಿಯರುಗಳು. ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ, ಸೇವೆ ಮಾಡಬಹುದಿತ್ತು. ಮಗಳು ಸ್ಕೂಲಿಗೆ, ಯಜಮಾನರು ಶಾರ್ಲೆಟ್ಟಿನ ಆಫೀಸಿಗೆ ಹೋದ ಮೇಲೆ ವಾರಕ್ಕೆರಡು ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದೆ. ಅವರು ನನ್ನನ್ನು ‘ಸೆನ್ಸೆ’ ಎನ್ನುತ್ತಿದ್ದರು. ಗುರುಗಳೇ ಎಂದ ಹಾಗೆ. ನನ್ನನ್ನು ಹಾಗೆ ಕರೆಯುವವರು ಈ ಊರಿನಲ್ಲಿ ನಾಲ್ವರಾದರೂ ಇದ್ದಾರಲ್ಲ ಎಂಬುದೇ ಆಗ ನನಗೊಂದು ದೊಡ್ಡ ಪ್ರಸಾದ.

ಅವರಲ್ಲೊಂದು ಕ್ರಮವಿತ್ತು. ಕಾರ್ಖಾನೆಯ ಮ್ಯಾನೇಜರರ ಹೆಂಡತಿ ಮೇಜಿನ ತುದಿಯಲ್ಲಿ ಕೂರುವುದು. ನಾನು ಯಾರನ್ನು ಕೇಳಿದರೂ ಮೊದಲು ಉತ್ತರಿಸುವುದು ಆಕೆಯೇ. ಮಿಕ್ಕವರು ಅವಳನ್ನು ‘ಓಕುಸಾಮಾ’ ಎನ್ನುತ್ತಿದ್ದರು, ದೊಡ್ಡ ಯಜಮಾನಿ ಎಂಬಂತೆ. ಬಸುರಿ ಹುಡುಗಿಯ ಗಂಡ ಎಲ್ಲರಿಗಿಂತ ಕಿರಿಯ. ಹಾಗಾಗಿ ಅವಳ ಸರದಿ ಕಡೆಗೆ, ಅದೂ ಓಕುಸಾಮಾ ಮುಖ ನೋಡಿಕೊಂಡ ಮೇಲೆ.

ಪಾಠ ಮಾತ್ರ ಚೆನ್ನಾಗಿಯೇ ನಡೆದಿತ್ತು. ಅವರ ಭಾಷೆಯಲ್ಲೂ ನಮ್ಮ ಹಾಗೇ ಷರತ್ತು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ನಾವು ‘ಮಳೆ ಬಂದರೆ’ ಎಂದರೆ ಅವರು ‘ಅಮೆ ಗಾ ಫುತ್ತರಾ’ ಎನ್ನುತ್ತಾರೆ. ಇದು ಗೊತ್ತಾದ ದಿನ ಐದು ಜನವೂ ನೆಂಟರು ಸಿಕ್ಕಿದಂತೆ ನಕ್ಕೆವು. ಇಂಗ್ಲಿಷಿನವರು ಆ ಒಂದು ಪದವನ್ನು ಮುಂದೆ ಹಿಡಿದುಕೊಂಡು ಬರುತ್ತಾರೆ, ಕೆಲವು ಸಲ ಇಡೀ ಷರತ್ತನ್ನೇ ಕೊನೆಗೆ ಎಸೆಯುತ್ತಾರೆ. ಅದಕ್ಕೆ ಹಳದಿ ಚೀಟಿಯಲ್ಲಿ ಷರತ್ತು, ನೀಲಿ ಚೀಟಿಯಲ್ಲಿ ಫಲ ಬರೆದೆ. ಹಳದಿಯಲ್ಲಿ ‘ವಿಲ್’ ಬರಕೂಡದು. ಒಬ್ಬಳು ಹಳದಿ ಓದಿದರೆ ಇನ್ನೊಬ್ಬಳು ನೀಲಿ ಹುಡುಕುವುದು. ಇದಾದ ಮೇಲೆ ಆಗದ ಮಾತಿನ ‘ಇಫ್’. ‘ಇಫ್ ಐ ಹ್ಯಾಡ್ ವಿಂಗ್ಸ್, ಐ ವುಡ್ ಗೋ ಟು ಒಸಾಕಾ’ ಎಂದು ಬಸುರಿ ಹುಡುಗಿ ತಾನಾಗಿಯೇ ಹೇಳಿದ ದಿನ ಮನೆಗೆ ಹೋಗಿ ಸಜ್ಜಿಗೆ ಮಾಡಿದ್ದೆ.

ಅಕ್ಟೋಬರಿನಲ್ಲಿ ಒಂದು ದಿನ ಅವಳನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಸಾಮಾನ್ಯವಾಗಿ ಜೊತೆಗೆ ಬರುತ್ತಿದ್ದ ಕಂಪನಿಯ ದುಭಾಷಿ ಬೇರೆ ಊರಿಗೆ ಹೋಗಿದ್ದ. ಅವಳಿಗೆ ಡ್ರೈವಿಂಗ್ ಬಾರದು. ಸ್ಕ್ಯಾನ್ ನೋಡಿದ ಡಾಕ್ಟರು ನಿಧಾನವಾಗಿ ಹೇಳಿದರು: ಮಾಸು, ಅಂದರೆ ಪ್ಲಸೆಂಟಾ, ಗರ್ಭದ ಬಾಯಿಗೆ ಅಡ್ಡವಾಗಿ ಕೂತಿದೆ, ನೋವೇ ಇಲ್ಲದೆ ಯಾವಾಗ ಬೇಕಾದರೂ ರಕ್ತ ಹೋಗಲು ಶುರುವಾಗಬಹುದು. ಹಾಗಾದರೆ ಗಂಡನಿಗಾಗಿ ಕಾಯಬಾರದು, ಆಂಬುಲೆನ್ಸ್ ಕರೆದು ಎಡಮಗ್ಗುಲಾಗಿ ಮಲಗಬೇಕು. ಮುಟ್ಟಲು ಬಂದವರಿಗೆ ಮಾಸು ಕೆಳಗಿದೆ ಎಂದು ಮೊದಲೇ ಹೇಳಬೇಕು. ಸ್ಕ್ಯಾನ್ ಆಗುವ ತನಕ ಯಾರೂ ಒಳಗೆ ಕೈ ಹಾಕಿ ಪರೀಕ್ಷೆ ಮಾಡುವಂತಿಲ್ಲ. ಅವಳು ಪ್ರತಿ ಮಾತಿಗೂ ತಲೆಯಾಡಿಸಿದಳು.

ಹೊರಡುವಾಗ ನರ್ಸು ಅವಳ ಭುಜದ ಮೇಲೆ ಕೈಯಿಟ್ಟು ಕೇಳಿದಳು. “ನೌ ಹನಿ, ಇಫ್ ಯು ಸ್ಟಾರ್ಟ್ ಬ್ಲೀಡಿಂಗ್, ವಾಟ್ ವಿಲ್ ಯು ಡು?”

ಹುಡುಗಿ ನನ್ನ ಕಡೆ ನೋಡಿ ನಕ್ಕಳು. “ಐ ವಿಲ್ ಬಿ ವೆರಿ ಕೇರ್‌ಫುಲ್. ಇಟ್ ವಿಲ್ ಬಿ ಓಕೆ.”

ವಾಕ್ಯದಲ್ಲಿ ತಪ್ಪು ಹುಡುಕಿದರೂ ಸಿಗದು. ನೀಲಿ ಚೀಟಿಗಳಲ್ಲಿ ನಾನೇ ಬರೆದುಕೊಟ್ಟ ಸಾಲುಗಳು ಅವು. ನರ್ಸು ನನ್ನನ್ನು ನೋಡಿ, “ಮ್ಯಾಮ್, ಅವಳಿಗೆ ಅರ್ಥ ಆಯ್ತಾ?” ಎಂದು ಕೇಳಿದಳು. “ಕೇಳಿ ನೋಡುತ್ತೇನೆ,” ಎಂದೆ.

ಕಾರಿನಲ್ಲಿ ಮೆಲ್ಲಗೆ ಬಿಡಿಸಿ ಬಿಡಿಸಿ ಕೇಳಿದೆ. ಅವಳ ಲೆಕ್ಕಾಚಾರ ಬೇರೆಯೇ ಇತ್ತು. ಏನಾದರೂ ಆದರೆ ಮೊದಲು ಓಕುಸಾಮಾಗೆ ಫೋನು. ಓಕುಸಾಮಾ ಮ್ಯಾನೇಜರರಿಗೆ ಹೇಳುತ್ತಾರೆ, ಮ್ಯಾನೇಜರರು ಇವಳ ಗಂಡನನ್ನು ಮೆಷಿನ್ನಿನ ಹತ್ತಿರದಿಂದ ಕರೆಸುತ್ತಾರೆ, ಆಮೇಲೆ ಗಂಡ ಏನು ಹೇಳಿದರೆ ಅದು. ಯಾರಿಗೂ ತಿಳಿಸದೆ ಮನೆ ಮುಂದೆ ಆಂಬುಲೆನ್ಸ್ ತಂದು ನಿಲ್ಲಿಸಿದರೆ ಎಲ್ಲರಿಗೂ ತೊಂದರೆ ಕೊಟ್ಟ ಹಾಗೆ. “ಟ್ರಬಲ್, ಸೆನ್ಸೆ. ಬಿಗ್ ಟ್ರಬಲ್,” ಎಂದು ಕಿಟಕಿಯ ಕಡೆ ತಿರುಗಿದಳು.

ಯಜಮಾನರು ಮನೆಗೆ ಬಂದವರೇ ಮುಖ ನೋಡಿ, “ಏನಾಯ್ತೇ?” ಎಂದರು. ಹೇಳಿದೆ.

“ನೀನು ಟೀಚರ್ರೋ ಶಾಸ್ತ್ರಿಗಳೋ? ಸರ್ವರ್ ಡೌನ್ ಆದ್ರೆ ಏನ್ ಮಾಡ್ಬೇಕು ಅಂತ ನಮ್ಮಾಫೀಸಲ್ಲಿ ಡ್ರಿಲ್ ಮಾಡ್ಸ್ತಾರೆ. ಬಿಡ್ತು ಬಿಡ್ತು ಅಂದ್ಕೊಂಡು ಕೂತಿರಲ್ಲ.”

“ನಿಮ್ಮ ಸರ್ವರ್ ಬಸುರಿ ಅಲ್ವಲ್ಲ,” ಎಂದೆ.

ಅವರು ನಕ್ಕರು, ನನಗೆ ನಗು ಬರಲಿಲ್ಲ. ಶಾರ್ಲೆಟ್ಟಿನಲ್ಲಿ ನಮ್ಮವರೇ ಒಬ್ಬರು ಹೆರಿಗೆ ಡಾಕ್ಟರು ಇದ್ದರು. ದಾವಣಗೆರೆಯಿಂದ ಎಷ್ಟೋ ವರ್ಷದ ಹಿಂದೆ ಬಂದವರು, ನಮಗೆಲ್ಲ ಡಾಕ್ಟರ್ ಆಂಟಿ. ಅವರಿಗೆ ಫೋನ್ ಮಾಡಿ, ಬಸುರಿಯ ಬಾಯಿಂದಲೇ ಆ ಮಾತು ಆಡಿಸುವುದು ಹೇಗೆ ಎಂದು ಕೇಳಿದೆ.

“ನಾನೂ ಬಿಡ್ತು ಅಂತೀನಮ್ಮ. ಥಿಯೇಟರ್‌ಗೆ ಹೋಗೋ ಮುಂಚೆ ಕೈ ತೊಳ್ಕೋತಾ ಅಂತೀನಿ, ಆಮೇಲೆ ಕೆಲಸ ಶುರು ಮಾಡ್ತೀನಿ. ಆ ಹುಡುಗಿ ಬ್ಲೀಡ್ ಆಗ್ತಾ ಊರೋರ ಪರ್ಮಿಶನ್ ಕೇಳ್ಕೊಂಡು ಕೂತ್ರೆ ಮಗೂನೂ ಇಲ್ಲ, ತಾಯೀನೂ ಇಲ್ಲ.”

“ಆಂಟೀ! ಬಿಡ್ತು ಅನ್ನಿ!”

“ಬಿಡ್ತು. ಅಂದೆ, ಆಯ್ತಾ? ಈಗ ನೀನು ಹೋಗಿ ಪಾಠ ಮಾಡು.”

ಅದರ ಮುಂದಿನ ತರಗತಿಯ ಬೆಳಿಗ್ಗೆ ದೇವರ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ಕೂತಿದ್ದೆ. ನನ್ನ ಮಾತಿಗೆ ಅಸ್ತು ಅನ್ನುವವರನ್ನು ಇವತ್ತೊಂದು ದಿನ ಬೇರೆ ಕಡೆ ಕಳಿಸು ಎಂದು ಬೇಡಿಕೊಂಡು ಹೋದೆ. ಬೋರ್ಡಿನ ಮೇಲೆ ‘ಇಫ್ ಐ ಸ್ಟಾರ್ಟ್ ಬ್ಲೀಡಿಂಗ್’ ಎಂದು ಬರೆದು, ಮುಂದೆ ಜಾಗ ಬಿಟ್ಟೆ. ಹಿಂದೆ ಕುರ್ಚಿಯೊಂದು ಕಿರುಗುಟ್ಟಿತು. ತಿರುಗಿ ನೋಡಿದರೆ ಬಸುರಿ ಹುಡುಗಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕೂತಿದ್ದಳು.

ಓಕುಸಾಮಾ ಮೇಜಿನ ಮೇಲೆ ಅಂಗೈಗಳನ್ನು ಊರಿದಳು. “ಸೆನ್ಸೆ. ಪ್ಲೀಸ್. ಬೇಬಿ ಈಸ್ ಲಿಸನಿಂಗ್.”

“ಗೊತ್ತು. ಆದರೆ ಇದು ಅವಳಿಗೆ ಬೇಕು,” ಎಂದೆ.

“ಟುಡೇ ವಿ ಆರ್ ಟೈರ್ಡ್,” ಎಂದು ಆಕೆ ಎದ್ದಳು. ಉಳಿದವರೂ ಎದ್ದು, ನನಗೆ ತಲೆಬಾಗಿಸಿ, ಒಬ್ಬರ ಹಿಂದೊಬ್ಬರು ಹೊರಟುಹೋದರು. ಹುಡುಗಿ ಎಲ್ಲರಿಗಿಂತ ಹಿಂದೆ. ಅವಳು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

ಅದರ ಮುಂದಿನ ತರಗತಿಗೆ ಯಾರೂ ಬರಲಿಲ್ಲ. ಖಾಲಿ ಕುರ್ಚಿಗಳ ಎದುರು ಕಾಫಿ ಆರುವ ತನಕ ಕೂತಿದ್ದೆ. ಚರ್ಚಿನ ಅಜ್ಜಿಯೊಬ್ಬಳು ಬಾಗಿಲಲ್ಲಿ ಇಣುಕಿ, “ದೇ’ಲ್ ಕಮ್ ಬ್ಯಾಕ್, ಶುಗರ್,” ಎಂದು ಬಿಸ್ಕತ್ತು ಕೊಟ್ಟು ಹೋದಳು. ಓಕುಸಾಮಾ ಮನೆಗೆ ಫೋನ್ ಮಾಡಿದರೆ ಸಂದೇಶ ಹಿಡಿದಿಡುವ ಮೆಷಿನ್ ಮಾತಾಡುತ್ತಿತ್ತು. ಹುಡುಗಿಯ ಮನೆಗೆ ಮಾಡಿದಾಗ ಅವಳೇ ಎತ್ತಿದಳು. “ಸಾರಿ ಸೆನ್ಸೆ, ಬ್ಯುಸಿ,” ಎಂದು ಇಟ್ಟಳು. ಇಡೀ ದಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುವವಳಿಗೆ ಎಲ್ಲಿಯ ಬ್ಯುಸಿ?

ಆ ದಿನಗಳಲ್ಲಿ ನಮ್ಮ ಮನೆಯ ಫೋನು ಗಂಟೆ ಬಾರಿಸಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ. ನೋಡಿದರೆ ಕಾರ್ಪೆಟ್ ತೊಳೆದುಕೊಡುತ್ತೇವೆ ಎನ್ನುವವರು. ಅವರಿಗೂ ಥ್ಯಾಂಕ್ಸ್ ಹೇಳುತ್ತಿದ್ದೆ. ಸದ್ಯ, ಅದಲ್ಲವಲ್ಲ ಎಂದು. ಮಗಳು, “ಅಮ್ಮಾ, ವೈ ಆರ್ ಯು ಸೋ ನೈಸ್ ಟು ದೆಮ್?” ಎಂದು ಹುಬ್ಬು ಹಾರಿಸಿದಳು. ಪಾಠ ಕೈಬಿಡುವುದು ಸುಲಭವಿತ್ತು. ನಾಲ್ಕು ಮನಸ್ಸು ನೋಯಿಸಿ, ನಂಬಿಕೆಯನ್ನೂ ಮೀರಿ, ಕೊನೆಗೆ ಏನೂ ಆಗದೆ ಹೋದರೆ ನಾನೇ ಅಪಶಕುನದವಳು. ಆದರೆ ಆ ನಗು, ಆ ‘ಇಟ್ ವಿಲ್ ಬಿ ಓಕೆ’, ಅನ್ನ ಕಲಸುವಾಗಲೂ ಕಿವಿಯಲ್ಲಿರುತ್ತಿತ್ತು. ಗುರುವಾರ ರಾಯರ ಪೂಜೆ ಮುಗಿಸಿ, ಸಜ್ಜಿಗೆಯ ಡಬ್ಬಿ ಹಿಡಿದು, ಹೇಳದೆ ಕೇಳದೆ ಓಕುಸಾಮಾ ಮನೆಯ ಬಾಗಿಲು ತಟ್ಟಿದೆ.

ಆಕೆ ಬಾಗಿಲು ತೆರೆದು, ನನ್ನ ಪಾದದ ಮುಂದೆ ಮನೆಯೊಳಗಿನ ಚಪ್ಪಲಿ ಜೋಡಿಸಿಟ್ಟಳು. ಅಷ್ಟು ಸಾಕಾಯಿತು ನನಗೆ.

ಚಹಾ ಕುಡಿಯುತ್ತ, ಬೋರ್ಡಿನ ವಿಷಯ ಬಿಟ್ಟು, ನಮ್ಮಮ್ಮನ ವಿಷಯ ಹೇಳಿದೆ. ನಾನು ಬಸುರಿಯಾಗಿದ್ದಾಗ ಅಮ್ಮ ಮನೆಯಲ್ಲಿ ಒಂದು ಕೆಟ್ಟ ಮಾತೂ ಆಡಗೊಡುತ್ತಿರಲಿಲ್ಲ. ಯಾರಾದರೂ ಆಡಿದರೆ ಬಿಡ್ತು ಅನ್ನಿಸಿಯೇ ಬಿಡುವುದು. ಅಸ್ತು ದೇವತೆಗಳನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ ಸೂರಿನ ಕಡೆ ಕೈ ತೋರಿಸಿ, “ಸ್ಮಾಲ್ ಗಾಡ್ಸ್. ದೇ ಸೇ ಯೆಸ್ ಟು ಎವೆರಿಥಿಂಗ್,” ಎಂದೆ.

ಓಕುಸಾಮಾ ಬಟ್ಟಲು ಕೆಳಗಿಟ್ಟಳು. “ಸುರು ಕಮೆ, ಸುರು ಕಮೆ,” ಎಂದಳು. ನನಗೆ ತಿಳಿಯಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಉದ್ದ ಕತ್ತಿನ ಹಕ್ಕಿ ಬರೆದಳು, ಪಕ್ಕದಲ್ಲಿ ಆಮೆ. ಕೊಕ್ಕರೆ ಮತ್ತು ಆಮೆ, ಎರಡೂ ದೀರ್ಘಾಯುಷ್ಯದ ಪ್ರಾಣಿಗಳು. ಕೆಟ್ಟ ಮಾತು ಬಿದ್ದರೆ ಅವಳ ಅಜ್ಜಿ ಆ ಹೆಸರುಗಳನ್ನು ಹೇಳಿ ಅದನ್ನು ಓಡಿಸುತ್ತಿದ್ದಳಂತೆ.

“ಹಾಗಾದರೆ ನನ್ನ ಭಯ ನಿಮಗೆ ಗೊತ್ತು,” ಎಂದೆ.

“ಐ ನೋ. ಬಟ್ ಸೆನ್ಸೆ, ಶೀ ಈಸ್ ಮೈ ಜಾಬ್. ಇಫ್ ಶೀ ಕಾಲ್ಸ್ ಮಿ, ಐ ವಿಲ್ ಗೋ. ಫೈವ್ ಮಿನಿಟ್ಸ್.”

“ನೀವು ಅಂಗಡಿಗೆ ಹೋಗಿದ್ದರೆ?”

“ದೇರ್ ಈಸ್ ಮೆಷಿನ್.”

“ಮೆಷಿನ್ನಿಗೆ ಹೇಳಿದ ಮೇಲೆ ಅವಳು ಏನು ಮಾಡುತ್ತಾಳೆ?”

ಆಕೆ ಸಜ್ಜಿಗೆಯ ಡಬ್ಬಿಯ ಮುಚ್ಚಳವನ್ನು ಆ ಕಡೆ ಈ ಕಡೆ ತಿರುಗಿಸಿದಳು. ಕೊನೆಗೆ, “ಶೀ ವಿಲ್ ವೇಟ್,” ಎಂದಳು. “ಶೀ ಈಸ್ ಗುಡ್ ಗರ್ಲ್. ಶೀ ವಿಲ್ ವೇಟ್ ಫಾರ್ ಮಿ.”

ಡಬ್ಬಿಯನ್ನು ಅಲ್ಲೇ ಬಿಟ್ಟು ನಾನು ಎದ್ದುಬಂದೆ.

ಮುಂದಿನ ತರಗತಿಗೆ ನಾಲ್ವರೂ ಬಂದರು. ನಾನು ಸೀಮೆಸುಣ್ಣ ಎತ್ತಿಕೊಳ್ಳುವ ಮೊದಲೇ ಓಕುಸಾಮಾ ಎದ್ದು, ಹುಡುಗಿಯ ಎದುರಿನ ಕುರ್ಚಿಗೆ ಬಂದು ಕೂತಳು. ಆ ಪ್ರಶ್ನೆಯನ್ನು ತಾನೇ ಕೇಳಿದಳು, ಇಂಗ್ಲಿಷಿನಲ್ಲಿ, ಎಲ್ಲರ ಮುಂದೆ. ಕೆಟ್ಟ ಮಾತು ತಗುಲುವುದಾದರೆ ಮೊದಲು ಹಿರಿಯಳಾದ ತನಗೆ ತಗುಲಲಿ ಎಂಬಂತೆ. ಕೇಳಿ, ತನ್ನ ಭಾಷೆಯಲ್ಲೂ ಏನೋ ಹೇಳಿ, ನನಗೆ ತಿಳಿಯಲೆಂದು ಕೊನೆಗೆ, “ಯು ಕಾಲ್ ಮಿ ಲಾಸ್ಟ್,” ಎಂದಳು. ಹುಡುಗಿಯ ಕಣ್ಣು ತುಂಬಿತು. ಆ ಕಡೆ ಮೂವರೂ ಸುರು ಕಮೆ ಎಂದರು, ಈ ಕಡೆ ನಾನು ಬಿಡ್ತು ಎಂದೆ. ಪಾಠ ಶುರುವಾಯಿತು.

ಚೀಟಿಗಳನ್ನು ಕಟ್ಟಿಟ್ಟೆ. ಇನ್ನು ಫೋನಿನಲ್ಲೇ ಅಭ್ಯಾಸ. ಚರ್ಚಿನ ಆಫೀಸಿನಿಂದ ನಾನು, ಅಡುಗೆಮನೆಯ ಫೋನಿನಿಂದ ಅವಳು. ಮನೆಗೆ ಹೋದ ಮೇಲೂ ಹಗಲು ಹೊತ್ತಿನಲ್ಲಿ ಹೇಳದೆ ಫೋನ್ ಮಾಡುತ್ತಿದ್ದೆ. ನಾನು ಆಂಬುಲೆನ್ಸಿನವಳು, ಅವಳು ಅವಳೇ. ಮೊದಲ ಸಲ ಅವಳು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಗಂಡನ ಹೆಸರು, ಕಂಪನಿಯ ಹೆಸರು ಹೇಳಿ, ವಿಳಾಸವನ್ನು ಅವರ ಪದ್ಧತಿಯಂತೆ ರಾಜ್ಯದಿಂದ ಆರಂಭಿಸಿ, ಊರು, ಬೀದಿ ಇಳಿದು ಮನೆಯ ನಂಬರಿಗೆ ಬರುವಷ್ಟರಲ್ಲಿ ನಾನು ಅಳುವಂತಾದೆ. ಕ್ಷಮೆಯನ್ನು ತೆಗೆಸಿದೆ. ಗಂಡನನ್ನೂ ತೆಗೆಸಿದೆ. ವಿಳಾಸವನ್ನು ತಲೆಕೆಳಗು ಮಾಡಿಸಿದೆ. ಆದರೂ ‘ಇಫ್’ ಕೊನೆಗೆ ಬಂದಾಗ ಎಡವುತ್ತಿದ್ದಳು. ‘ಬಾಗಿಲು ತೆಗೆದಿಡು, ಇಫ್ ಯು ಕ್ಯಾನ್’ ಎಂದರೆ ಮೊದಲರ್ಧ ಕೇಳಿದವಳೇ ರಿಸೀವರ್ ಇಟ್ಟು ಬಾಗಿಲಿಗೆ ಓಡುತ್ತಿದ್ದಳು. ಓಡುವುದೇ ಅವಳಿಗೆ ಅಪಾಯ. ಕೊನೆಯವರೆಗೂ ಕೇಳು, ಆಮೇಲೆ ಅಲ್ಲಾಡು ಎಂದು ಗದರಿದ್ದೇನೆ. ಪಾಪ, ಬಸುರಿಯನ್ನು ಗದರುವುದು ಎಂದರೆ.

ಅತಿ ಕಷ್ಟವಾದದ್ದು ಡಾಕ್ಟರನ್ನು ತಡೆಯುವ ಮಾತು. ಬಿಳಿ ಕೋಟಿನವರಿಗೆ ಬೇಡ ಎನ್ನುವುದು ಅವಳ ಬಾಯಲ್ಲಿ ಹೊರಡುತ್ತಲೇ ಇರಲಿಲ್ಲ. ನಾನು ಪಾತ್ರೆ ತೊಳೆಯುವ ಗ್ಲೌಸ್ ಹಾಕಿಕೊಂಡು ಡಾಕ್ಟರಾಗಿ ಅವಳತ್ತ ಬರುವುದು, ಅವಳು ನಗುತ್ತ ತಲೆಬಾಗಿಸುವುದು. ಹೀಗೇ ಎಷ್ಟೋ ಸಲ. ಒಂದು ದಿನ ನಾನು ಬೇಕೆಂದೇ ಅವಳ ಮಾತು ಕೇಳದವಳಂತೆ ಮುಂದೆ ಬಂದೆ. “ಲಿಸನ್ ಟು ಮಿ!” ಎಂದು ಕೂಗಿಬಿಟ್ಟಳು. ಓಕುಸಾಮಾ ಬಾಯಿಗೆ ಕೈ ಅಡ್ಡ ಹಿಡಿದು ಮೊದಲು ನಕ್ಕಳು, ಆಮೇಲೆ ಎಲ್ಲರೂ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ಫೋನು ಬಂತು.

“ಸೆನ್ಸೆ, ದಿಸ್ ಈಸ್ ನಾಟ್ ಪ್ರಾಕ್ಟೀಸ್.” ದನಿ ತೆಳ್ಳಗಿತ್ತು, ನಡುಗುತ್ತಿರಲಿಲ್ಲ. “ಆಂಬುಲೆನ್ಸ್ ಈಸ್ ಕಮಿಂಗ್. ಡೋರ್ ಈಸ್ ಓಪನ್. ಐ ಆಮ್ ಆನ್ ಲೆಫ್ಟ್ ಸೈಡ್. ನೌ ಐ ವಿಲ್ ಕಾಲ್ ಓಕುಸಾಮಾ.”

ನಾನು ಏನನ್ನಾದರೂ ಹೇಳುವ ಮೊದಲೇ ಇಟ್ಟಳು.

ಒಲೆ ಆರಿಸಿದೆನಲ್ಲ, ಅದು ಮೊದಲನೆಯ ಪುಣ್ಯ. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆದದ್ದು ಎರಡನೆಯದು. ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ಶಾರ್ಲೆಟ್ ಕಡೆಗೆ ಹೋಗುತ್ತ ರಾಯರ ಸ್ತೋತ್ರ ಅರ್ಧಕ್ಕೇ ಮರೆತು, ಮರೆತ ಕಡೆಯಿಂದ ಮತ್ತೆ ಮೊದಲಿಗೆ ಬರುತ್ತಿದ್ದೆ. ಆಸ್ಪತ್ರೆಯಲ್ಲಿ ಓಕುಸಾಮಾ ನನಗಿಂತ ಮೊದಲೇ ಬಂದು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು. ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಗಂಡ ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿಬಂದ. ಅವನ ತೋಳಿನಲ್ಲಿ ಗ್ರೀಸು. ಕುಳಿತುಕೋ ಎಂದರೂ ಕೂರಲಿಲ್ಲ. ಮೂವರೂ ಆ ಎರಡು ಕದದ ಬಾಗಿಲನ್ನು ನೋಡುತ್ತ ನಿಂತೆವು. ತೆರೆದಾಗಲೆಲ್ಲ ಬೇರೆ ಯಾರೋ ಬರುತ್ತಿದ್ದರು.

ಕೊನೆಗೆ ಒಬ್ಬಳು ನರ್ಸು ಬಂದಳು. ಬೇಗನೆ ಬಂದದ್ದು ಒಳ್ಳೆಯದಾಯಿತು, ಕೊಯ್ದು ತೆಗೆದರು, ಹೆಣ್ಣು, ಬಹಳ ಸಣ್ಣದು, ಉಸಿರಿಗೆ ಮೆಷಿನ್ ಹಾಕಿದ್ದಾರೆ. ತಾಯಿಗೆ ರಕ್ತ ಕೊಡುತ್ತಿದ್ದಾರೆ, ಉಳಿಯುತ್ತಾಳೆ. ಗಂಡ ನೆಲದ ಮೇಲೇ ಕೂತುಬಿಟ್ಟ. ನರ್ಸು ನಮ್ಮಿಬ್ಬರ ಕಡೆ ತಿರುಗಿ, “ಆ ಪುಟ್ಟ ಹೆಂಗಸಿನ ದನಿ ಕೇಳಬೇಕಿತ್ತು ನೀವು! ಹೊಸ ಡಾಕ್ಟರೊಬ್ಬ ಗ್ಲೌಸ್ ಹಾಕಿಕೊಂಡು ಬಂದರೆ ಅವನ ಮಣಿಕಟ್ಟು ಹಿಡಿದು, ‘ಲೋ ಪ್ಲಸೆಂಟಾ. ಇಫ್ ಯು ಎಗ್ಸಾಮಿನ್ ಮಿ, ಐ ವಿಲ್ ಬ್ಲೀಡ್ ಮೋರ್. ಸ್ಕ್ಯಾನ್ ಫಸ್ಟ್’ ಅಂದಳು,” ಎಂದಳು. ಓಕುಸಾಮಾ ನನ್ನ ಮೊಣಕೈ ಹಿಡಿದುಕೊಂಡಳು. ಅವಳು ಯಾರನ್ನೂ ಮುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಗುವಿನ ಉಸಿರಿನ ಮೆಷಿನ್ ತೆಗೆದರೆಂದು ಕೇಳಿದ ದಿನ ಮತ್ತೆ ಹೋದೆವು. ಹುಡುಗಿ ಗಾಲಿಕುರ್ಚಿಯಲ್ಲಿ ಗಾಜಿನ ಪೆಟ್ಟಿಗೆಗೆ ಮುಖವಿಟ್ಟು ಕೂತಿದ್ದಳು. ಒಳಗೆ ಅಂಗೈಯಗಲದ ಬೆನ್ನೊಂದು ಏರಿ ಇಳಿಯುತ್ತಿತ್ತು. ಪಕ್ಕದ ಪರದೆಯ ಮೇಲೆ ಮಗುವಿನ ಆಮ್ಲಜನಕದ ಮಟ್ಟ ತೋರಿಸುವ ಹಸಿರು ಅಂಕಿ. ಆ ಪಾಳಿಯ ನರ್ಸು ಬಾಟಲಿ ಜೋಡಿಸುತ್ತ, “ಶೀ’ಸ್ ಡೂಯಿಂಗ್ ಜಸ್ಟ್ ಫೈನ್, ಮಾಮಾ,” ಎಂದು ತಾಯಿಗೆ ಹೇಳಿದಳು.

ಹುಡುಗಿ ಅಂಕಿಯ ಕಡೆ ಬೆರಳು ತೋರಿಸಿದಳು. ನನ್ನನ್ನು ನೋಡಲಿಲ್ಲ. ಓಕುಸಾಮಾಳನ್ನೂ ನೋಡಲಿಲ್ಲ.

“ಇಫ್ ದಿಸ್ ನಂಬರ್ ಗೋಸ್ ಡೌನ್, ವಾಟ್ ವಿಲ್ ಯು ಡು?”

ನರ್ಸು ಕೆರೊಲಿನಾದವರ ಎಳೆದೆಳೆದ ಉಚ್ಚಾರಣೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ನನಗೇ ಅರ್ಧ ತಿಳಿಯಲಿಲ್ಲ. ಹುಡುಗಿ ತಲೆಯಾಡಿಸಲಿಲ್ಲ.

“ಐ ಡೋಂಟ್ ಅಂಡರ್‌ಸ್ಟ್ಯಾಂಡ್,” ಎಂದಳು. “ಒನ್ಸ್ ಮೋರ್. ಸ್ಲೋಲಿ.”

ನರ್ಸು ಕೈಯಲ್ಲಿದ್ದ ಬಾಟಲಿ ಇಟ್ಟು, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತು, ಮೊದಲಿನಿಂದ ಹೇಳತೊಡಗಿದಳು.